ಮೂಲಕ್ಕೇ ಕತ್ತರಿ

ತೆರಿಗೆಯ ವಿಚಾರದಲ್ಲಿ ಯಾರಾದರೂ ಗೊಣಗಿದರೆ ಸಾಕು, ‘ಇವನಿಗೆ ಕೊಡುವುದಕ್ಕೆ ಮನಸ್ಸಿಲ್ಲ’ ಎಂದು ತೀರ್ಮಾನಿಸಿಬಿಡುವವರು ನಮ್ಮಲ್ಲಿ ಬಹಳ ಮಂದಿ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಆಗಿನ ಸಂಬಳವೂ ಈಗಿನ ಪಿಂಚಣಿಯೂ ಜನ ಕೊಟ್ಟ ತೆರಿಗೆಯಿಂದ ಬಂದದ್ದೇ. ನನ್ನ ಪಾಲಿನ ತೆರಿಗೆಯನ್ನು ನಾನೂ ಕೊಟ್ಟಿದ್ದೇನೆ, ಕೊಡುತ್ತಿದ್ದೇನೆ. ನನ್ನ ತಕರಾರು ತೆರಿಗೆಯ ಮೇಲಲ್ಲ. ತೆಗೆದುಕೊಳ್ಳಬಾರದವರಿಂದ ಮೊದಲು ತೆಗೆದುಕೊಂಡು, ಆಮೇಲೆ ‘ಬೇಕಾದರೆ ಬಂದು ಬಿಡಿಸಿಕೊಂಡು ಹೋಗು’ ಎನ್ನುವ ಗತ್ತಿನ ಮೇಲೆ.

ಇದಕ್ಕೆ ಕಾಯಿದೆಯ ಭಾಷೆಯಲ್ಲಿ ‘ಮೂಲದಲ್ಲೇ ತೆರಿಗೆ ಕಡಿತ’ ಎಂದು ಹೆಸರು. ಬ್ಯಾಂಕಿನವರೂ ಆಡಿಟರುಗಳೂ ಟಿ.ಡಿ.ಎಸ್. ಎನ್ನುತ್ತಾರೆ. ನಮ್ಮೂರಿನ ಜನ ಮಾತ್ರ ‘ಹಿಡಿದರು’ ಎನ್ನುತ್ತಾರೆ. ‘ನನ್ನ ಬಡ್ಡೀಲಿ ಹಿಡಿದರು’, ‘ಅವನ ಪಿ.ಎಫ್.ನಲ್ಲಿ ಹಿಡಿದರು’. ಕಳ್ಳನನ್ನು ಹಿಡಿಯುವುದಕ್ಕೂ ಇದಕ್ಕೂ ಅವರಲ್ಲಿ ಒಂದೇ ಕ್ರಿಯಾಪದ. ವ್ಯಾಕರಣದ ಮೇಷ್ಟರಾಗಿ ನನಗೆ ಇದಕ್ಕಿಂತ ಸಮರ್ಪಕವಾದ ಪ್ರಯೋಗ ಹೊಳೆದಿಲ್ಲ.

ಆದಾಯ ತೆರಿಗೆ ಎಂಬುದನ್ನು ಈ ದೇಶಕ್ಕೆ ತಂದವನು ಜೇಮ್ಸ್ ವಿಲ್ಸನ್. 1857ರ ದಂಗೆಯನ್ನು ಅಡಗಿಸುವುದಕ್ಕೆ ಆದ ಖರ್ಚಿನಿಂದ ಬೊಕ್ಕಸ ಬರಿದಾಗಿತ್ತು. ಅದನ್ನು ತುಂಬಿಸಲು 1860ರಲ್ಲಿ ಬಂದ ಕಾಯಿದೆ ಅದು. ಅಂದರೆ ನಮ್ಮನ್ನು ಬಡಿದ ಬಡಿಗೆಯ ಬೆಲೆಯನ್ನು ನಮ್ಮಿಂದಲೇ ವಸೂಲು ಮಾಡಲು. ಪಾಪ, ಆತ ಅದೇ ವರ್ಷದ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಭೇದಿಯಿಂದ ತೀರಿಕೊಂಡ, ತೆರಿಗೆ ಉಳಿಯಿತು. ಆಮೇಲೆ 1922ರ ಕಾಯಿದೆ, 1961ರ ಕಾಯಿದೆ. ಈಗ 2025ರಲ್ಲಿ ಸಂಸತ್ತು ಅಂಗೀಕರಿಸಿ, 2026ರ ಏಪ್ರಿಲ್ 1ರಿಂದ ಜಾರಿಗೆಂದು ಗೊತ್ತುಮಾಡಿದ ಹೊಸ ಕಾಯಿದೆ. ಕಲಮುಗಳ ಸಂಖ್ಯೆ ಎಂಟುನೂರರ ಆಚೆಯಿಂದ 536ಕ್ಕೆ ಇಳಿಯಿತೆಂದು ಸಂಭ್ರಮಪಟ್ಟರು. ಇಳಿಯಲಿ, ಸಂತೋಷ. ಆದರೆ ಹಿಡಿಯುವ ಕೈ ಹಾಗೆಯೇ ಇದೆ.

ಹಳೆಯ ಕಾಲದ ಕಂದಾಯವನ್ನು ಒಮ್ಮೆ ನೆನೆಸಿಕೊಳ್ಳಿ. ಶಾನುಭೋಗರೇನು ದೇವರಾಗಿರಲಿಲ್ಲ, ಪಟೇಲನ ದರ್ಪ ಕಂಡವರಿಗೇ ಗೊತ್ತು. ಆದರೂ ಪೈರು ಕೊಯ್ದು, ಒಕ್ಕಿ, ಕಣಜಕ್ಕೆ ಬಿದ್ದ ಮೇಲೆ ಕಿಸ್ತು ಕಟ್ಟಿಸಿಕೊಳ್ಳುತ್ತಿದ್ದರು, ಪಟ್ಟೆ ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಕೊಟ್ಟವನ ಕಣ್ಣೆದುರಿಗೆ ಲೆಕ್ಕ. ಈಗಿನದು ಹಾಗಲ್ಲ. ಪೈರು ನಿಮ್ಮದು, ಆದರೆ ಅದು ನಿಮ್ಮ ಕಣಕ್ಕೆ ಬರುವ ಮೊದಲೇ ಇನ್ನಾರೋ ಹತ್ತರಲ್ಲೊಂದು ಹೊರೆ ಎತ್ತಿಕೊಂಡು ಹೋಗಿರುತ್ತಾನೆ. ಅದು ಸಲ್ಲಬೇಕಾದದ್ದೇ ಅಲ್ಲವೇ ಎಂಬುದನ್ನು ಮುಂದಿನ ವರ್ಷ ನೀವೇ ರುಜುವಾತು ಮಾಡಬೇಕು.

ನಮ್ಮ ಬೀದಿಯ ಒಬ್ಬ ವೃದ್ಧೆಯ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಎಪ್ಪತ್ತೆರಡು ವರ್ಷ. ಗಂಡ ಹೋದಾಗ ಬಂದ ವಿಮೆಯ ಹಣ, ಹಿಸ್ಸೆಯಲ್ಲಿ ಸಿಕ್ಕ ಚೂರು ಗದ್ದೆ ಮಾರಿದ್ದು, ಎಲ್ಲ ಸೇರಿ ಒಂಬತ್ತು ಲಕ್ಷವನ್ನು ಒಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾರೆ. ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿ 15,750 ರೂಪಾಯಿ. ಅವರ ಅಕ್ಕಿ, ಔಷಧಿ, ದೀಪದ ಎಣ್ಣೆ, ಮೊಮ್ಮಗನ ಕೈಗೆ ಇಡುವ ನೂರು ರೂಪಾಯಿ, ಎಲ್ಲ ಅದರಲ್ಲೇ. 2023ರ ಅಕ್ಟೋಬರಿನ ಒಂದು ಬೆಳಿಗ್ಗೆ ಪಾಸ್‌ಬುಕ್ಕು ಹಿಡಿದು ನನ್ನ ಜಗಲಿಗೆ ಬಂದರು.

“ಮಾಷ್ಟ್ರೇ, ಹದಿನೈದು ಸಾವಿರ ಚಿಲ್ಲರೆ ಬರ್ಬೇಕಿತ್ತು. ಹನ್ನೆರಡು ಸಾವಿರದ ಆರ್ನೂರು ಬಂದಿದೆ. ಉಳಿದದ್ದು ಬ್ಯಾಂಕಿನವರೇ ಇಟ್ಕೊಂಡ್ರಾ?”

ಬ್ಯಾಂಕಿನವರು ಇಟ್ಟುಕೊಂಡಿರಲಿಲ್ಲ. ಸರ್ಕಾರಕ್ಕೆ ಕಟ್ಟಿದ್ದರು. ವರ್ಷಕ್ಕೆ 63,000 ರೂಪಾಯಿ ಬಡ್ಡಿಯ ಹೊರತು ಬೇರೆ ಆದಾಯವಿಲ್ಲದ ಹೆಂಗಸಿಗೆ ಒಂದು ಪೈಸೆಯ ತೆರಿಗೆಯೂ ಬರುವುದಿಲ್ಲ. ಹಾಗೆಂದು ಬರೆದುಕೊಡುವ 15ಎಚ್ ನಮೂನೆಯನ್ನೂ ಏಪ್ರಿಲಿನಲ್ಲೇ ನಾನೇ ತುಂಬಿ ಅವರ ರುಜು ಹಾಕಿಸಿ ಕಳಿಸಿದ್ದೆ. ಆದರೂ ಶೇಕಡಾ 20ರಷ್ಟು ಹಿಡಿದಿದ್ದರು. ಏಕೆಂದರೆ 2023ರ ಜುಲೈ 1ರಿಂದ ಆಧಾರಿಗೆ ಜೋಡಿಸದ ಪ್ಯಾನ್ ‘ನಿಷ್ಕ್ರಿಯ’ವಾಯಿತು. ಪ್ಯಾನ್ ನಿಷ್ಕ್ರಿಯವಾದರೆ ಆ ನಮೂನೆಯೂ ಸತ್ತಂತೆ. ಹತ್ತರ ಬದಲು ಇಪ್ಪತ್ತು ಹಿಡಿಯಬೇಕು. ಅದು ನಿಯಮ.

ಜೋಡಿಸಲಿಲ್ಲವೇಕೆ ಎಂದು ಕೇಳುತ್ತೀರಿ. ಜೋಡಿಸಲು ಹೋಗಿದ್ದರು, ಎರಡು ಸಲ. ಹೆಸರು ಹೊಂದಲಿಲ್ಲ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದು ಅವರೊಬ್ಬರ ಪಾಡಲ್ಲ, ಕನ್ನಡ ನಾಡಿನ ಅರ್ಧ ಜನರ ಪಾಡು. ನಮ್ಮ ಕಡೆ ಹೆಸರಿಗೆ ಮೊದಲು ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು. ಅಡ್ಡಹೆಸರು ಎಂಬುದು ಅನೇಕರಿಗೆ ಇಲ್ಲವೇ ಇಲ್ಲ. ಪ್ಯಾನಿನ ಅರ್ಜಿ ಮಾಡಿದವರಿಗೆ ಈ ಲೋಕ ಗೊತ್ತಿಲ್ಲ. ಅವರಿಗೆ ಕೊನೆಯ ಹೆಸರು ಬೇಕು, ಮೊದಲ ಹೆಸರು ಬೇಕು, ನಡುವಿನ ಹೆಸರು ಬೇಕು; ಇನಿಶಿಯಲ್ಲು ಕೂಡದು. ಹಾಗಾಗಿ ಅರ್ಜಿ ತುಂಬಿದ ಏಜೆಂಟ ಮಹಾಶಯ ಈಕೆಯ ಹೆಸರಿನ ಹಿಂದೆ ಗಂಡನ ಹೆಸರು ಅಂಟಿಸಿದ. ಆಧಾರಿನವನು ಹೆಸರಿನ ಮುಂದೆ ತವರೂರಿನ ಅಕ್ಷರ ಬರೆದುಕೊಂಡ. ಹುಟ್ಟಿದ ತಾರೀಕಂತೂ ಕೇಳಲೇಬೇಡಿ. ‘ದೊಡ್ಡ ಮಳೆ ಬಂದು ಸಂಕ ಕೊಚ್ಚಿಕೊಂಡು ಹೋದ ವರ್ಷ’ ಎಂಬುದು ಅವರ ಜನ್ಮದಿನ. ಆಧಾರಿನಲ್ಲಿ ಅದು ಜನವರಿ 1 ಆಗಿದೆ, ಪ್ಯಾನಿನಲ್ಲಿ ಜೂನ್ ತಿಂಗಳ ಯಾವುದೋ ದಿನ. ಎರಡೂ ಸರ್ಕಾರದ ಚೀಟಿಗಳೇ. ಎರಡರಲ್ಲಿ ಯಾವುದು ಸುಳ್ಳು ಹೇಳಿದ್ದಕ್ಕೆ ಈ ಮುದುಕಿಗೆ ದಂಡ?

ದಂಡವೆಂದೆ, ಅಲಂಕಾರಕ್ಕಲ್ಲ. 2022ರ ಜುಲೈ 1ರ ಮೇಲೆ ಜೋಡಿಸುವುದಕ್ಕೆ 1,000 ರೂಪಾಯಿ ಶುಲ್ಕ. ಹೆಸರು ತಿದ್ದಿಸಿ, ತಾರೀಕು ತಿದ್ದಿಸಿ, ಸಾವಿರ ಕಟ್ಟಿ, ಪ್ಯಾನಿಗೆ ಮತ್ತೆ ಜೀವ ಬರುವ ಹೊತ್ತಿಗೆ ಇನ್ನೊಂದು ಕಂತಿನ ಬಡ್ಡಿಯಲ್ಲೂ 3,150 ಹೋಗಿತ್ತು. ಒಟ್ಟು 6,300. ಮುಂದಿನ ಜುಲೈನಲ್ಲಿ ರಿಟರ್ನು ಸಲ್ಲಿಸಿ ಕಾದದ್ದಾಯಿತು. ಹಣ ಬಂದದ್ದು ನವೆಂಬರಿನಲ್ಲಿ. ಸರ್ಕಾರ ತನ್ನ ಕಡೆಯಿಂದ ಬಡ್ಡಿಯನ್ನೂ ಕೊಟ್ಟಿತು, ತಿಂಗಳಿಗೆ ಶೇಕಡಾ ಅರ್ಧದಂತೆ ಎಂಟು ತಿಂಗಳಿಗೆ 252 ರೂಪಾಯಿ. ಜೋಡಣೆಯ ಸಾವಿರ, ರಿಟರ್ನು ಹಾಕಿಕೊಟ್ಟ ಅಂಗಡಿಯವನಿಗೆ ಆರುನೂರು, ಬಸ್ಸು, ಜೆರಾಕ್ಸು ಎಲ್ಲ ಕಳೆದು ಲೆಕ್ಕ ಹಾಕಿ: ತೆರಿಗೆಯೇ ಬಾರದ ಹೆಂಗಸು ಕೊನೆಗೆ ಕೈಯಿಂದ ಕಳೆದುಕೊಂಡದ್ದು ಸಾವಿರದ ಮುನ್ನೂರಕ್ಕೂ ಮಿಕ್ಕು. ಹಣದ ಜೊತೆ ಬಂದ ಸೂಚನಾ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾರೆ, ನೋಟೀಸಿರಬಹುದು ಎಂಬ ಹೆದರಿಕೆಯಿಂದ. ಆ 252 ರೂಪಾಯಿಯೂ ಕಾಯಿದೆಯ ಪ್ರಕಾರ ಆದಾಯವೇ. ಮರುವರ್ಷದ ಲೆಕ್ಕದಲ್ಲಿ ತೋರಿಸಬೇಕು ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಬುದ್ಧಿ ಸರಿಯಿದೆಯೇ ಎಂದು ನೋಡುತ್ತಿದ್ದರು.

ಬಡ್ಡಿಯ ಮಾತು ಬಂತಲ್ಲ, ಅದನ್ನು ಮುಗಿಸಿಬಿಡೋಣ. ನಾನು ನೀವು ತೆರಿಗೆ ಕಟ್ಟುವುದು ತಡವಾದರೆ ತಿಂಗಳಿಗೆ ಶೇಕಡಾ ಒಂದು ಬಡ್ಡಿ. ಒಂದು ದಿನ ಹೆಚ್ಚಾದರೂ ಇಡೀ ತಿಂಗಳಿನದು. ಸರ್ಕಾರ ನಮ್ಮ ಹಣವನ್ನು ಇಟ್ಟುಕೊಂಡರೆ ತಿಂಗಳಿಗೆ ಅರ್ಧ. ಅದೂ ಹಿಂತಿರುಗಿಸುವ ಮೊತ್ತ ನಿಮ್ಮ ಒಟ್ಟು ತೆರಿಗೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಬಡ್ಡಿಯೇ ಇಲ್ಲ. ನಮ್ಮೂರಿನ ಲೇವಾದೇವಿಯವನು ಕೂಡ ಕೊಡುವಾಗ ಒಂದು ಬಡ್ಡಿ, ಇಡುವಾಗ ಒಂದು ಬಡ್ಡಿ ಎಂದು ಇಷ್ಟು ಬಹಿರಂಗವಾಗಿ ಬೋರ್ಡು ಹಾಕಿಕೊಳ್ಳುವುದಿಲ್ಲ. ಒಂದೇ ಹಣ, ಒಂದೇ ತಿಂಗಳು; ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ ಬೆಲೆ ಬದಲಾಗುವುದು ಯಾವ ಗಣಿತ?

ಈಗ ಬ್ಯಾಂಕಿನ ಮಿತಿಯ ಕಥೆ. ಠೇವಣಿಯ ಬಡ್ಡಿ 10,000 ರೂಪಾಯಿ ದಾಟಿದರೆ ಹಿಡಿಯಬೇಕೆಂಬ ಮಿತಿ 2007ರಿಂದ 2019ರವರೆಗೆ ಅಲ್ಲಾಡಲಿಲ್ಲ. ಅಷ್ಟರಲ್ಲಿ ಅಕ್ಕಿ, ಬೇಳೆ, ಎಣ್ಣೆ ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. 2019ರಲ್ಲಿ 40,000 ಆಯಿತು. 2025ರ ಏಪ್ರಿಲಿನಿಂದ 50,000, ಹಿರಿಯರಿಗೆ ಒಂದು ಲಕ್ಷ. ಒಳ್ಳೆಯದೇ. ಆದರೆ ಅದೇ 2025ರ ಬಜೆಟ್ಟು ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದು ಡಂಗುರ ಹೊಡೆಯಿತಲ್ಲ! ಒಂದು ಬಾಯಲ್ಲಿ ಹನ್ನೆರಡು ಲಕ್ಷದವರೆಗೆ ನಿನಗೆ ತೆರಿಗೆಯಿಲ್ಲ ಎನ್ನುವುದು, ಇನ್ನೊಂದು ಬಾಯಲ್ಲಿ ಐವತ್ತು ಸಾವಿರ ದಾಟಿತು ಹಿಡಿ ಎನ್ನುವುದು. ಐವತ್ತೈದಕ್ಕೇ ಕಾರ್ಖಾನೆ ಮುಚ್ಚಿ ಮನೆಗೆ ಬಂದ ಒಬ್ಬನನ್ನು ತೆಗೆದುಕೊಳ್ಳಿ. ಬಂದ ಅರುವತ್ತು ಲಕ್ಷವನ್ನು ಠೇವಣಿ ಇಟ್ಟ; ಶೇಕಡಾ ಏಳರಂತೆ ಬಡ್ಡಿ 4,20,000. ರಿಯಾಯಿತಿಯ ಲೆಕ್ಕದಲ್ಲಿ ಅವನ ತೆರಿಗೆ ಸೊನ್ನೆ. ಆದರೆ ಅರುವತ್ತು ತುಂಬದವನು ಕೊಡುವ 15ಜಿ ನಮೂನೆಗೆ 1961ರ ಕಾಯಿದೆಯಲ್ಲಿ ಇನ್ನೊಂದು ಷರತ್ತಿತ್ತು: ಬಡ್ಡಿಯ ಮೊತ್ತವೇ ಮೂಲ ವಿನಾಯಿತಿಯ ನಾಲ್ಕು ಲಕ್ಷವನ್ನು ಮೀರಬಾರದು. ಮೀರಿತು, ನಮೂನೆ ನಡೆಯದು, 42,000 ರೂಪಾಯಿ ಹಿಡಿತ. ಅದೇ ಮನುಷ್ಯ ಅರುವತ್ತು ದಾಟಿದ್ದರೆ 15ಎಚ್ ಕೊಟ್ಟು ಪಾರಾಗುತ್ತಿದ್ದ. ಕಡಿಮೆ ಕಡಿತಕ್ಕೆ ಅಪ್ಪಣೆ ಕೇಳಿ ಅಧಿಕಾರಿಗೆ ಅರ್ಜಿ ಹಾಕುವ ದಾರಿಯಿದೆಯಲ್ಲ ಎನ್ನುತ್ತಾರೆ ಬಲ್ಲವರು. ಇದೆ. ತನ್ನ ಹಣವನ್ನು ತನಗೆ ಬಿಡಿ ಎಂದು ಅರ್ಜಿ ಹಾಕುವ ದಾರಿ.

ಎಪ್ಪತ್ತೈದು ದಾಟಿದವರಿಗೆ ರಿಟರ್ನಿನಿಂದಲೇ ಮುಕ್ತಿ ಎಂದು 2021ರಲ್ಲಿ ದೊಡ್ಡದಾಗಿ ಹೇಳಿದರು. ಪತ್ರಿಕೆಯಲ್ಲಿ ಓದಿ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕುಣಿದಾಡಿದರು. ಷರತ್ತು ಆಮೇಲೆ ತಿಳಿಯಿತು: ಪಿಂಚಣಿ ಬರುವ ಬ್ಯಾಂಕಿನಲ್ಲೇ ಠೇವಣಿಯೂ ಇರಬೇಕು, ಬೇರೆಲ್ಲೂ ಒಂದು ಪೈಸೆಯ ಆದಾಯ ಇರಬಾರದು. ಊರಿನ ಸಹಕಾರಿ ಸೊಸೈಟಿಯಲ್ಲಿ ಅವರದೊಂದು ಹಳೆಯ ಠೇವಣಿ ಇತ್ತು. ಕುಣಿತ ಅಲ್ಲಿಗೆ ನಿಂತಿತು.

ಬಡ್ಡಿಯವರಾದರೂ ಸ್ವಲ್ಪ ಉಳ್ಳವರು ಎನ್ನಿ. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರನ್ನು ನೋಡಿ. ಐದು ವರ್ಷ ತುಂಬುವ ಮೊದಲು ಪಿ.ಎಫ್. ತೆಗೆದರೆ ಅದರಲ್ಲೂ ತೆರಿಗೆ ಹಿಡಿಯಬೇಕೆಂಬ ನಿಯಮ 2015ರ ಜೂನಿನಲ್ಲಿ ಬಂತು. ಮೊದಲು ಮಿತಿ 30,000, ಮರುವರ್ಷ 50,000. ಪ್ಯಾನ್ ಇದ್ದರೆ ಹತ್ತರಲ್ಲೊಂದು. ಇಲ್ಲದಿದ್ದರೆ? ದೇಶದ ಅತಿ ಶ್ರೀಮಂತರ ಮೇಲೆ ಹಾಕುವ ಗರಿಷ್ಠ ದರ, ಮೂರನೇ ಒಂದು ಭಾಗಕ್ಕೂ ಮಿಕ್ಕು! ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತವಳಿಗೂ ಉದ್ಯಮಪತಿಗೂ ಸಮಾನತೆ ಎಲ್ಲಾದರೂ ಇದ್ದರೆ ಇಲ್ಲಿ ಇತ್ತು. 60,000 ತೆಗೆಯಲು ಹೋದವಳ ಕೈಗೆ ನಲವತ್ತು ಸಾವಿರವೂ ಪೂರ್ತಿ ಬರುತ್ತಿರಲಿಲ್ಲ. 2023ರ ಏಪ್ರಿಲಿನಲ್ಲಿ ಆ ದರವನ್ನು ಶೇಕಡಾ 20ಕ್ಕೆ ಇಳಿಸಿದರು. ಎಂಟು ವರ್ಷ ಬೇಕಾಯಿತು. 2016ರ ಏಪ್ರಿಲಿನಲ್ಲಿ ಇದೇ ಹೆಂಗಸರು ಪಿ.ಎಫ್. ಹಣವನ್ನು 58 ವರ್ಷದವರೆಗೆ ತಡೆಹಿಡಿಯುವ ಇನ್ನೊಂದು ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಳಿಗೆ ಇಳಿದಾಗ ಸರ್ಕಾರ ಎರಡೇ ದಿನದಲ್ಲಿ ಹಿಂದೆ ಸರಿಯಿತು. ಆ ನಿಯಮ ಕಣ್ಣಿಗೆ ಕಾಣುತ್ತಿತ್ತು. ಟಿ.ಡಿ.ಎಸ್. ಕಾಣುವುದಿಲ್ಲ, ಅದು ಚೀಟಿಯ ಒಂದು ಸಾಲು. ಒಬ್ಬೊಬ್ಬಳನ್ನೇ ಬೇರೆ ಬೇರೆಯಾಗಿ ಹಿಡಿಯುತ್ತದೆ.

ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರನಿಗೂ ಒಂದು ಪಾಲು ಸಿಕ್ಕಿತು. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಆದ್ದರಿಂದ ಅವನು ರಿಟರ್ನು ಹಾಕಿದವನಲ್ಲ. 2020ರ ಜುಲೈನಿಂದ, ರಿಟರ್ನು ಹಾಕದವನು ವರ್ಷದಲ್ಲಿ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ನಗದು ತೆಗೆದರೆ ಮೇಲಿನ ಹಣಕ್ಕೆ ಶೇಕಡಾ ಎರಡು ಹಿಡಿ ಎಂದಾಯಿತು. ಮನೆ ಕಟ್ಟಿಸಿ, ಅದೇ ವರ್ಷ ಮಗಳ ಮದುವೆ ಮಾಡಿ, ಮೂವತ್ತು ಲಕ್ಷ ತೆಗೆದವನಿಗೆ 20,000 ಖೋತಾ. ಆದಾಯದ ಮೇಲಲ್ಲ, ತನ್ನ ಹಣವನ್ನು ತಾನು ಮುಟ್ಟಿದ್ದರ ಮೇಲೆ ಆದಾಯ ತೆರಿಗೆ!

ಇವೆಲ್ಲ ಹಿಡಿದದ್ದನ್ನು ಸರ್ಕಾರಕ್ಕೆ ಕಟ್ಟಿದ ಪ್ರಸಂಗಗಳು. ಹಿಡಿದವನೇ ನುಂಗಿದರೆ? ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಸಂಸ್ಥೆ ನೌಕರರ ಸಂಬಳದಲ್ಲಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟದೆ ಇದ್ದದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. 2012ರ ಅಕ್ಟೋಬರಿನಲ್ಲಿ ಅದರ ವಿಮಾನಗಳು ನಿಂತುಹೋದವು. ತಿಂಗಳುಗಟ್ಟಲೆ ಸಂಬಳವಿಲ್ಲದ ನೌಕರರಿಗೆ ಆಮೇಲೆ ತೆರಿಗೆ ಬಾಕಿಯ ಬೇಡಿಕೆ ಬಂತು: ‘ನಿಮ್ಮ ಹೆಸರಿನಲ್ಲಿ ನಮಗೆ ಏನೂ ಜಮಾ ಆಗಿಲ್ಲ, ಬಡ್ಡಿ ಸಮೇತ ಕಟ್ಟಿ’. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲೂ ಕೂರಲಾರದು. ಹೊಟ್ಟೆ ಉರಿಯುವ ಮಾತೆಂದರೆ ಕಾಯಿದೆ ನೌಕರನ ಪರವಾಗಿಯೇ ಇತ್ತು. 1961ರ ಕಾಯಿದೆಯ 205ನೇ ಕಲಮು, ಮೂಲದಲ್ಲಿ ಹಿಡಿದ ಮೇಲೆ ಆ ಮೊತ್ತವನ್ನು ಮತ್ತೆ ಅವನಿಂದ ಕೇಳಕೂಡದೆಂದು ಸ್ಪಷ್ಟವಾಗಿ ಹೇಳಿತ್ತು. ನೇರ ತೆರಿಗೆಗಳ ಕೇಂದ್ರ ಮಂಡಳಿ 2015ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ತನ್ನ ಅಧಿಕಾರಿಗಳಿಗೆ ಅದನ್ನು ನೆನಪಿಸಿತು. ಅಷ್ಟಾದರೂ 2018ರಲ್ಲಿ ಆ ಸಂಸ್ಥೆಯ ಪೈಲಟ್ಟೊಬ್ಬ ಗುಜರಾತ್ ಹೈಕೋರ್ಟಿನವರೆಗೆ ಹೋಗಿ ಗೆಲ್ಲಬೇಕಾಯಿತು. ಪೈಲಟ್ಟಿಗೆ ವಕೀಲರನ್ನು ಇಡುವ ಶಕ್ತಿಯಿತ್ತು. ಲಗೇಜು ಎತ್ತುತ್ತಿದ್ದವನಿಗೆ?

ಹಿಡಿದು ಕಟ್ಟದ ಮಾಲೀಕನಿಗೆ ಮೂರು ತಿಂಗಳಿಂದ ಏಳು ವರ್ಷದವರೆಗೆ ಕಠಿಣ ಸಜೆ ಎಂದು ಅದೇ ಕಾಯಿದೆಯಲ್ಲಿ ಬರೆದಿತ್ತು. ಬರೆದದ್ದಕ್ಕೂ ಆಗುವುದಕ್ಕೂ ನಡುವೆ ಎಷ್ಟು ದೂರ ಎಂಬುದು ಓದುಗರಿಗೆ ತಿಳಿದದ್ದೇ.

ಕಟ್ಟಿದರೂ ಲೆಕ್ಕ ತಾಳೆಯಾಗದ ಪ್ರಕರಣಗಳು ಇನ್ನೊಂದು ರಾಶಿ. ಮಾಲೀಕ ಒಂದು ಅಂಕಿ ತಪ್ಪು ಬರೆದರೆ ನಿಮ್ಮ ತೆರಿಗೆ ಬೇರೊಬ್ಬನ ಪುಣ್ಯಕ್ಕೆ ಸೇರುತ್ತದೆ. ದೆಹಲಿಯ ಚಾರ್ಟರ್ಡ್ ಅಕೌಂಟೆಂಟರೊಬ್ಬರು ಇದರಿಂದ ಬೇಸತ್ತು ಹೈಕೋರ್ಟಿಗೇ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡು 2013ರ ಮಾರ್ಚಿನಲ್ಲಿ ಇಲಾಖೆಗೆ ಛೀಮಾರಿಯಂಥ ತೀರ್ಪು ಕೊಟ್ಟಿತು. ಹಿಡಿದವನ ತಪ್ಪಿಗೆ ತೆತ್ತವನು ಅಲೆಯಕೂಡದು ಎಂಬುದು ಅದರ ಸಾರ. ಕೋರ್ಟಿಗೆ ಅರ್ಥವಾದದ್ದು ನಮೂನೆಗಳನ್ನು ಮಾಡುವವರಿಗೆ ಅರ್ಥವಾಗಲು ಇನ್ನೆಷ್ಟು ಪತ್ರಗಳು ಬೇಕೋ.

‘ಈಗೆಲ್ಲ ಕಂಪ್ಯೂಟರು ಸ್ವಾಮಿ, ಕೂತಲ್ಲೇ ಆಗುತ್ತದೆ’ ಎನ್ನುವವರಿದ್ದಾರೆ. ಆಗುತ್ತದೆ, ಆದಾಗ. 2021ರ ಜೂನ್ 7ರಂದು ಹೊಸ ಜಾಲತಾಣ ತೆರೆದರು. ನಮ್ಮ ಬೆಂಗಳೂರಿನ ಇನ್ಫೋಸಿಸ್ ಮಾಡಿಕೊಟ್ಟದ್ದು. ಅದು ಎಷ್ಟು ಎಡವಿತೆಂದರೆ ಆಗಸ್ಟಿನಲ್ಲಿ ಹಣಕಾಸು ಮಂತ್ರಿಗಳೇ ಕಂಪನಿಯ ಮುಖ್ಯಸ್ಥರನ್ನು ದೆಹಲಿಗೆ ಕರೆಸಿ ಕೇಳಬೇಕಾಯಿತು. ಗಡುವು ಮುಂದೆ ಹೋಗುತ್ತ ಹೋಗುತ್ತ ಡಿಸೆಂಬರ್ 31ಕ್ಕೆ ಬಂತು. ಸರ್ಕಾರದ ಯಂತ್ರ ಕೆಟ್ಟರೆ ಗಡುವು ಮುಂದಕ್ಕೆ. ನಿಮ್ಮ ಕಾಲು ಮುರಿದರೆ ತಡವಾದದ್ದಕ್ಕೆ ಸಾವಿರದಿಂದ ಐದು ಸಾವಿರ ಶುಲ್ಕ.

ಆದರೆ ಕಂಪ್ಯೂಟರಿನ ಮಾತೇ ನನ್ನ ವಾದಕ್ಕೆ ದೊಡ್ಡ ಆಧಾರ. 2021ರ ನವೆಂಬರಿನಿಂದ ಇಲಾಖೆ ಪ್ರತಿಯೊಬ್ಬನ ಹೆಸರಿನಲ್ಲೂ ಒಂದು ವಾರ್ಷಿಕ ಮಾಹಿತಿ ಪಟ್ಟಿ ಇಟ್ಟಿದೆ. ಯಾವ ಬ್ಯಾಂಕಿನ ಬಡ್ಡಿ ಎಷ್ಟು, ಯಾವ ಷೇರಿನ ಲಾಭಾಂಶ ಎಷ್ಟು, ಎಲ್ಲ ಅದರಲ್ಲಿದೆ; ನನಗೇ ಮರೆತುಹೋಗಿದ್ದ ಉಳಿತಾಯ ಖಾತೆಯ ಬಡ್ಡಿಯನ್ನು ಅದು ನನಗೆ ತೋರಿಸಿತು. ಸರಿ, ಆ ಅಜ್ಜಿಗೆ 63,000ಕ್ಕಿಂತ ಹೆಚ್ಚಿನ ಆದಾಯದ ಸುಳಿವು ಎಲ್ಲೂ ಇಲ್ಲವೆಂದು ಇಷ್ಟೆಲ್ಲ ಬಲ್ಲ ಇಲಾಖೆಗೆ ಗೊತ್ತೇ ಇದೆ. ಹಿಡಿದ 6,300 ತನ್ನ ಬಳಿ ಇರುವುದೂ ಗೊತ್ತು. ಅವರ ಬ್ಯಾಂಕಿನ ಖಾತೆಯೂ ಗೊತ್ತು. ಆದರೂ ಆಕೆಯೇ ಬಂದು ಹೇಳಬೇಕು, ಹೇಳುವುದಕ್ಕೆ ಆರುನೂರು ತೆರಬೇಕು. 2025ರ ಫೆಬ್ರುವರಿಯಲ್ಲಿ ಹೊಸ ಕಾಯಿದೆಯ ಮಸೂದೆ ಮಂಡಿಸಿದಾಗ ಒಂದು ಹೆಜ್ಜೆ ಮುಂದೆ ಹೋಗಿದ್ದರು: ಗಡುವಿನೊಳಗೆ ರಿಟರ್ನು ಹಾಕದಿದ್ದರೆ ಹಿಡಿದ ಹಣ ವಾಪಸಿಲ್ಲ! ಲೋಕಸಭೆಯ ಆಯ್ಕೆ ಸಮಿತಿ ಇದು ಸರಿಯಲ್ಲವೆಂದಿತು, ಆಗಸ್ಟಿನಲ್ಲಿ ಕೈಬಿಟ್ಟರು. ಕೈಬಿಟ್ಟದ್ದು ದೊಡ್ಡ ಮಾತು, ಒಪ್ಪುತ್ತೇನೆ. ಅಂಥ ವಾಕ್ಯವನ್ನು ಬರೆಯುವ ಕೈ ಇತ್ತಲ್ಲ, ಅದೇ ನನಗೆ ಚಿಂತೆ.

ಮೂಲದಲ್ಲಿ ಹಿಡಿಯದೆ ಹೋದರೆ ಯಾರು ತೆರಿಗೆ ಕಟ್ಟುತ್ತಾರೆ ಎಂದು ನನ್ನ ಮಿತ್ರರಾದ ಆಡಿಟರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿಯಲಿ, ಲಾಟರಿಯಲ್ಲಿ, ದಲ್ಲಾಳಿಯಲ್ಲಿ ಹಿಡಿಯಲಿ. ತೆರಿಗೆ ಬರುವಷ್ಟು ಸಂಬಳದವನಿಗೂ ಮಾರ್ಚಿನಲ್ಲಿ ಒಮ್ಮೆಲೇ ಕಟ್ಟುವುದಕ್ಕಿಂತ ತಿಂಗಳು ತಿಂಗಳು ಹೋಗುವುದೇ ವಾಸಿ. ನನಗೂ ಅದೇ ವಾಸಿಯಾಗಿತ್ತು. ತೆರಿಗೆಯೇ ಬಾರದವನಲ್ಲಿ ಹಿಡಿಯುವುದಕ್ಕೆ ಮಾತ್ರ ಈ ಉತ್ತರ ಸಾಲದು. ತಪ್ಪಿಸಿಕೊಳ್ಳುವ ತಿಮಿಂಗಿಲಕ್ಕಾಗಿ ಬೀಸಿದ ಬಲೆಯಲ್ಲಿ ಸಿಕ್ಕ ಸೀಗಡಿಯನ್ನು ಒಂದು ವರ್ಷ ಇಟ್ಟುಕೊಂಡು, ಆಮೇಲೆ ಅರ್ಜಿ ಕೊಟ್ಟರೆ ಬಿಡುತ್ತೇವೆ ಎಂದರೆ, ಅಷ್ಟು ದಿನ ಅದು ಬದುಕಿರಬೇಕಲ್ಲ.

2009-10ರಲ್ಲಿ ಶುರುವಾದ ಕೇಂದ್ರದ ಮೂಲಕ ದೇಶದ ಮೂಲೆಮೂಲೆಯ ರಿಟರ್ನುಗಳು ಬಂದು ಸೇರುವುದು ಬೆಂಗಳೂರಿಗೆ. ಒಂದು ಕಾಲಕ್ಕೆ ಕಾಶ್ಮೀರದವನೂ ಕನ್ಯಾಕುಮಾರಿಯವನೂ ಸಹಿ ಮಾಡಿದ ಹಾಳೆಯನ್ನು ಎಲೆಕ್ಟ್ರಾನಿಕ್ ಸಿಟಿಯ ಅಂಚೆ ಪೆಟ್ಟಿಗೆಗೆ ಕಳಿಸುತ್ತಿದ್ದರು, ಕೊರಿಯರಿನಲ್ಲಿ ಬಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಅಷ್ಟು ದೊಡ್ಡ ಕೆಲಸ ಕನ್ನಡದ ನೆಲದಲ್ಲಿ ನಡೆಯುವಾಗ, ಕನ್ನಡದ ಮುದುಕಿಗೆ ಬರುವ ಕಾಗದ ಕನ್ನಡದಲ್ಲಿ ಇರಲಿ ಎಂದು ಕೇಳುವುದು ಅತಿಯಾಸೆಯೇ? ನಿಮ್ಮ ಹಣ ಇಷ್ಟು, ವಾಪಸು ಕೊಟ್ಟಿದ್ದೇವೆ, ಹೆದರಬೇಡಿ. ಮೂರು ಸಾಲು ಸಾಕು.

ಆ ‘ತೆರಿಗೆ ಬಾರದು’ ಎಂಬ ಮುಚ್ಚಳಿಕೆಯನ್ನಾದರೂ ವರ್ಷವರ್ಷವೂ ಹೊಸದಾಗಿ ಬರೆಸಿಕೊಳ್ಳುವುದನ್ನು ಬಿಡಲಿ. ಏಪ್ರಿಲ್ ಮೊದಲ ವಾರ ನನ್ನ ಜಗಲಿಯಲ್ಲಿ ಏಳೆಂಟು ಮಂದಿ ಹಿರಿಯರು ಕೂತಿರುತ್ತಾರೆ. ಹೋದ ವರ್ಷದ ಹೆಸರು, ಹೋದ ವರ್ಷದ ವಿಳಾಸ, ಹೋದ ವರ್ಷದ್ದೇ ಠೇವಣಿ, ಎಲ್ಲವನ್ನೂ ಮತ್ತೆ ಬರೆಯುತ್ತೇನೆ, ಅವರು ನಡುಗುವ ಕೈಯಲ್ಲಿ ಮತ್ತೆ ರುಜು ಮಾಡುತ್ತಾರೆ. ಒಬ್ಬರಿಗೆ ಆ ವಾರ ಜ್ವರ ಬಂದರೆ ಆ ಕಂತಿನ ಬಡ್ಡಿಯಲ್ಲಿ ಹಿಡಿತ. ಒಮ್ಮೆ ಕೊಟ್ಟದ್ದು ಬದುಕಿರುವವರೆಗೆ ನಡೆಯಲಿ. ಅವರ ಆದಾಯ ಏರಿದರೆ ಇಲಾಖೆಯ ಪಟ್ಟಿಯಲ್ಲಿ ಅವರಿಗಿಂತ ಮೊದಲು ಕಾಣಿಸುತ್ತದಲ್ಲ, ಆಗ ಕರೆದು ಕೇಳಲಿ.